ಸ್ಟೀರಿಯೊ ಸ್ಲೈಡ್ ನೋಡಿದರೆ ಕಣ್ಣು ನೋಯುತ್ತದೆಯೇ? ಮೌಂಟಿನ ದೋಷ ಹುಡುಕುವ ಕ್ರಮ

ಬಾದಾಮಿಯ ಮೊದಲ ಗುಹೆಯ ಪಕ್ಕದ ಹದಿನೆಂಟು ಕೈಗಳ ನಟರಾಜನನ್ನು ಸ್ಟೀರಿಯೊ ಸ್ಲೈಡಿನಲ್ಲಿ, ಅಂದರೆ ಎರಡು ಕಣ್ಣಿಗೆ ಎರಡು ಚಿತ್ರ ತೋರಿಸಿ ಆಳ ಕಾಣಿಸುವ ಜೋಡಿ ಸ್ಲೈಡಿನಲ್ಲಿ, ನೋಡುವವರಲ್ಲಿ ಎರಡು ಬಗೆ. ಕೆಲವರು ಕೈಗಳನ್ನು ಒಂದೊಂದಾಗಿ ಎಣಿಸತೊಡಗುತ್ತಾರೆ. ಕೆಲವರು ಅರೆಕ್ಷಣದಲ್ಲೇ ವ್ಯೂಅರ್ (ಸ್ಲೈಡ್ ಹಾಕಿ ಕಣ್ಣಿಗೆ ಹಿಡಿಯುವ ಸಾಧನ) ಕೆಳಗಿಟ್ಟು ಹಣೆ ಒತ್ತಿಕೊಳ್ಳುತ್ತಾರೆ. ಹಣೆ ಒತ್ತಿಕೊಂಡವರ ಕಣ್ಣಿನಲ್ಲಿ ದೋಷ ಇರುವುದು ಅಪರೂಪ, ಕ್ಯಾಮೆರಾದಲ್ಲಿ ಇರುವುದು ಇನ್ನೂ ಅಪರೂಪ. ಹೆಚ್ಚಿನ ಸಲ ಅದು ಅಡಗಿರುವುದು ಎರಡು ಫಿಲ್ಮ್ ತುಣುಕುಗಳನ್ನು ಕೂರಿಸುವ ಚೌಕಟ್ಟಿನಲ್ಲಿ, ಅಂದರೆ ಮೌಂಟಿನಲ್ಲಿ, ಒಂದು ಮಿಲಿಮೀಟರಿಗಿಂತಲೂ ಕಡಿಮೆ ಜಾಗದಲ್ಲಿ.

ಮೌಂಟಿನ ದೋಷವನ್ನು ಮನೆಯ ಮೇಜಿನ ಮೇಲೆಯೇ ಸರಿಪಡಿಸಬಹುದು. ತೊಡಕೆಂದರೆ ಅದು ಮೌಂಟ್ ಮಾಡಿದವರ ಕಣ್ಣಿಗೇ ಬೀಳುವುದಿಲ್ಲ. ಒಂದೇ ಸ್ಲೈಡನ್ನು ಮತ್ತೆ ಮತ್ತೆ ನೋಡಿದ ಕಣ್ಣು ಆ ಓರೆಕೋರೆಗೆ ಒಗ್ಗಿಹೋಗಿರುತ್ತದೆ. ಆದ್ದರಿಂದ ಮೌಂಟ್ ಮಾಡಿದ ಮರುದಿನ ಬೆಳಿಗ್ಗೆ ಒಮ್ಮೆ ನೋಡಿ, ಮನೆಯಲ್ಲಿ ಇನ್ನೊಬ್ಬರಿಗೂ ತೋರಿಸಿ. ಅವರು ಮುಖ ಕಿವಿಚಿದರೆ "ಸ್ವಲ್ಪ ಹೊತ್ತು ನೋಡಿ, ಹೊಂದಿಕೊಳ್ಳುತ್ತದೆ" ಎಂದು ಮಾತ್ರ ಹೇಳಬೇಡಿ. ಹೊಂದಿಕೊಳ್ಳಬೇಕಾದದ್ದು ಸ್ಲೈಡು, ಕಣ್ಣಲ್ಲ.

ಇಲ್ಲಿ ಹೇಳುತ್ತಿರುವುದು 35 ಮಿ.ಮೀ. ಫಿಲ್ಮಿನ ಜೋಡಿ ಸ್ಲೈಡುಗಳ ಬಗ್ಗೆ. 1947ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾ ರೂಢಿಗೆ ತಂದ ಅಳತೆಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ: ಫಿಲ್ಮಿನ ಅಂಚಿನ ಐದು ತೂತುಗಳಷ್ಟು ಅಗಲದ ಚಿತ್ರಗಳು, 41×101 ಮಿ.ಮೀ. ಮೌಂಟು. ಎರಡು ಬಿಡಿ 50×50 ಮೌಂಟುಗಳನ್ನು ಜೋಡಿಯಾಗಿ ನೋಡುವವರಿಗೂ ತತ್ವ ಇದೇ. ವ್ಯೂ-ಮಾಸ್ಟರ್ ರೀಲುಗಳನ್ನು ಬಿಚ್ಚುವ ಗೋಜಿಗೆ ಹೋಗಬೇಡಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿ, ತುದಿ ಮೊಂಡಾದ ಚಿಮಟ, ಹತ್ತಿಯ ಕೈಗವಸು, ಗಾಳಿ ಊದುವ ರಬ್ಬರ್ ಬಲೂನು, ಮಿಲಿಮೀಟರ್ ಗೆರೆಗಳ ಗ್ರಾಫ್ ಹಾಳೆ. ಗ್ರಾಫ್ ಹಾಳೆಯನ್ನು ಪಾರದರ್ಶಕ ಶೀಟಿನ ಮೇಲೆ ಜೆರಾಕ್ಸ್ ಮಾಡಿಸಿಕೊಂಡರೆ ಒಳ್ಳೆಯ ಅಳತೆಗೋಲು ಸಿಕ್ಕಂತೆ. ಲೈಟ್ ಬಾಕ್ಸ್ ಇಲ್ಲದಿದ್ದರೆ ಮೊಬೈಲ್ ಪರದೆಯನ್ನು ಬಿಳಿ ಮಾಡಿ, ಅದರಿಂದ ಒಂದು ಇಂಚು ಮೇಲೆ ಟ್ರೇಸಿಂಗ್ ಕಾಗದ ಹಿಡಿದು ಬಳಸಬಹುದು.

ಯಾವ ಸ್ಲೈಡ್ ಹಾಕಿದರೂ ಅದೇ ತೊಂದರೆ

ಹಾಗಾದರೆ ಸ್ಲೈಡನ್ನು ಮುಟ್ಟಬೇಡಿ. ಚೆನ್ನಾಗಿದೆಯೆಂದು ಮೊದಲೇ ಗೊತ್ತಿರುವ ಒಂದು ಸ್ಲೈಡನ್ನು ಪರೀಕ್ಷೆಗೆಂದೇ ಎತ್ತಿಟ್ಟುಕೊಂಡಿರಬೇಕು. ಅದೂ ಕೆಟ್ಟದಾಗಿ ಕಂಡರೆ ದೋಷ ವ್ಯೂಅರಿನದು. ಲೆನ್ಸ್ ಒರೆಸಿ, ಬ್ಯಾಟರಿ ಬದಲಿಸಿ. ಒಂದು ಕಣ್ಣು ಮುಚ್ಚಿ ಒಮ್ಮೆ, ಇನ್ನೊಂದು ಮುಚ್ಚಿ ಇನ್ನೊಮ್ಮೆ ಫೋಕಸ್ ನೋಡಿ. ಕಣ್ಣುಗಳ ನಡುವಿನ ಅಂತರಕ್ಕೆ ತಕ್ಕಂತೆ ಲೆನ್ಸುಗಳನ್ನು ಸರಿಸುವ ತಿರುಪು ಇದ್ದರೆ ಅದನ್ನು ಹೊಂದಿಸಿ. ದೊಡ್ಡವರಲ್ಲಿ ಈ ಅಂತರ ಸರಾಸರಿ 63 ಮಿ.ಮೀ. ಆಸುಪಾಸು, ಮಕ್ಕಳಲ್ಲಿ ಇನ್ನೂ ಕಡಿಮೆ. ಅಪ್ಪನಿಗೆ ಹೊಂದಿಸಿದ ವ್ಯೂಅರನ್ನು ಮಗಳ ಕೈಗೆ ಹಾಗೆಯೇ ಕೊಟ್ಟರೆ ಅವಳಿಗೆ ಎರಡೆರಡು ಕಾಣುವುದು ಸಹಜ.

ವ್ಯೂಅರ್ ಸರಿಯಿದ್ದು ಒಬ್ಬರಿಗೆ ಮಾತ್ರ ಯಾವ ಸ್ಲೈಡಿನಲ್ಲೂ ಆಳ ಕಾಣದಿದ್ದರೆ ಅವರನ್ನು ಒತ್ತಾಯಿಸಬೇಡಿ. ಮಾಲುಗಣ್ಣು ಇರುವವರಿಗೆ, ಚಿಕ್ಕಂದಿನಿಂದ ಒಂದು ಕಣ್ಣಿನ ದೃಷ್ಟಿ ಮಂದವಾಗಿರುವವರಿಗೆ ಎರಡು ಚಿತ್ರಗಳು ಒಂದಾಗಿ ಕೂಡದೇ ಇರಬಹುದು. ವ್ಯೂಅರ್ ಕೆಳಗಿಟ್ಟ ಮೇಲೂ ಎರಡೆರಡು ಕಾಣುವುದು, ತಲೆನೋವು ಇಳಿಯದಿರುವುದು ಕಂಡುಬಂದರೆ ಸ್ಲೈಡಿನ ಮಾತು ಬಿಟ್ಟು ಕಣ್ಣಿನ ವೈದ್ಯರ ಬಳಿ ಹೋಗಿ.

ಎಚ್ಚರಿಕೆ: ಅಮೆರಿಕದಿಂದ ಬಂದ ಹಳೆಯ ವ್ಯೂಅರುಗಳಲ್ಲಿ ವಿದ್ಯುತ್ತಿಗೆ ನೇರವಾಗಿ ಜೋಡಿಸುವಂಥವು 110–120 ವೋಲ್ಟಿಗೆ ಮಾಡಿದವು. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಬಲ್ಬು ಸಿಡಿಯಬಹುದು, ಶಾಕ್ ಹೊಡೆಯಬಹುದು. ವೈರಿನ ರಬ್ಬರ್ ಬಿರುಕುಬಿಟ್ಟಿದ್ದರೆ ಎಲೆಕ್ಟ್ರೀಷಿಯನ್‌ಗೆ ತೋರಿಸದೆ ಹಚ್ಚಲೇಬೇಡಿ. ಬಲ್ಬಿಲ್ಲದ ವ್ಯೂಅರನ್ನು ಆಕಾಶದ ಕಡೆ ಹಿಡಿಯಿರಿ, ಸೂರ್ಯನ ಕಡೆಗಂತೂ ಬೇಡ.

ಹಿಂದಿನದು ಮುಂದೆ, ಮುಂದಿನದು ಹಿಂದೆ

ಗುಹೆಯ ಕಂಬ ಗೋಡೆಯೊಳಗೆ ತೂತು ಕೊರೆದಂತೆ, ಆಕಾಶ ಬಂಡೆಗಿಂತ ಮುಂದೆ ಬಂದಂತೆ ಕಂಡರೆ ಎಡಬಲ ಅದಲುಬದಲಾಗಿದೆ. ಹೊಸಬರಲ್ಲಿ ಇದು ಅತಿ ಸಾಮಾನ್ಯ, ಕಾರಣವೂ ಸರಳ. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ತೊಳೆದು ಬಂದ ಪಟ್ಟಿಯನ್ನು ನೇರವಾಗಿ ನೋಡಲು ತಿರುಗಿಸಿ ಹಿಡಿದಾಗ ಎಡ ಲೆನ್ಸಿನ ಚಿತ್ರ ಬಲಕ್ಕೆ ಹೋಗಿ ಕುಳಿತಿರುತ್ತದೆ. ಕತ್ತರಿಸಿ ಮೌಂಟ್ ಮಾಡುವಾಗ ಅದನ್ನು ಮತ್ತೆ ಎಡಕ್ಕೆ ತರಬೇಕು. ಸಾಲದ್ದಕ್ಕೆ ರಿಯಲಿಸ್ಟ್ ಮಾದರಿಯಲ್ಲಿ ಒಂದು ಜೋಡಿಯ ಎರಡು ಚಿತ್ರಗಳ ನಡುವೆ ಬೇರೆ ಜೋಡಿಗಳ ಎರಡು ಚಿತ್ರಗಳು ಬಂದು ಕೂರುತ್ತವೆ. ಲ್ಯಾಬಿಗೆ ಕೊರಿಯರ್ ಮಾಡುವಾಗ "ಕತ್ತರಿಸಬೇಡಿ, ಮೌಂಟ್ ಮಾಡಬೇಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸುವುದು ಇದಕ್ಕೇ.

ಎಡ ಯಾವುದು, ಬಲ ಯಾವುದು ಎಂದು ತಿಳಿಯಲು ನಿಮ್ಮ ಹೆಬ್ಬೆರಳೇ ಸಾಕು. ಅದನ್ನು ಮುಖದ ಮುಂದೆ ಹಿಡಿದು ಎಡಗಣ್ಣಿನಿಂದ ನೋಡಿ, ಆಮೇಲೆ ಬಲಗಣ್ಣಿನಿಂದ. ಬಲಗಣ್ಣಿಗೆ ಬದಲಾಯಿಸಿದ ಕೂಡಲೇ ಬೆರಳು ಎಡಕ್ಕೆ ಜಿಗಿಯುತ್ತದೆ. ಸ್ಲೈಡಿನಲ್ಲೂ ಅಷ್ಟೆ: ಹಿನ್ನೆಲೆಗೆ ಹೋಲಿಸಿದರೆ ಹತ್ತಿರದ ವಸ್ತು ಯಾವ ಚಿತ್ರದಲ್ಲಿ ಹೆಚ್ಚು ಎಡಕ್ಕಿದೆಯೋ ಅದೇ ಬಲಗಣ್ಣಿನ ಚಿತ್ರ.

ಮೌಂಟ್ ಬಿಚ್ಚುವ ಮೊದಲು ಚಿತ್ರದಲ್ಲಿ ಅಕ್ಷರವೇನಾದರೂ ಇದೆಯೇ ಹುಡುಕಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವೇ ಆಗಲಿ, ರಸ್ತೆ ಬದಿಯ ಬೋರ್ಡೇ ಆಗಲಿ, ಅಕ್ಷರ ಮತ್ತು ಆಳ ಎರಡನ್ನೂ ಸೇರಿಸಿ ಓದಿದರೆ ದೋಷ ತಾನಾಗಿ ಹೊರಬೀಳುತ್ತದೆ. ಅಕ್ಷರ ಸರಿ, ಆಳ ಉಲ್ಟಾ ಎಂದಾದರೆ ತುಣುಕುಗಳ ಜಾಗ ಬದಲಾಗಿದೆ. ಅಕ್ಷರ ಕನ್ನಡಿಯಲ್ಲಿ ಕಂಡಂತಿದ್ದು ಆಳ ಸರಿಯಿದ್ದರೆ ಮೌಂಟನ್ನೇ ಹಿಂದುಮುಂದಾಗಿ ತೂರಿಸಿದ್ದೀರಿ, ತೆಗೆದು ತಿರುಗಿಸಿದರೆ ಕೆಲಸ ಮುಗಿಯಿತು. ಅಕ್ಷರವೂ ಆಳವೂ ಉಲ್ಟಾ ಇದ್ದರೆ ತುಣುಕುಗಳು ತಮ್ಮ ತಮ್ಮ ಜಾಗದಲ್ಲೇ ಮಗುಚಿಕೊಂಡಿವೆ. ಒಂದು ಚಿತ್ರದಲ್ಲಿ ಅಕ್ಷರ ಸರಿ, ಇನ್ನೊಂದರಲ್ಲಿ ಉಲ್ಟಾ ಎಂದರೆ ಒಂದೇ ತುಣುಕು ಮಗುಚಿದೆ; ಅಂಥ ಸ್ಲೈಡಿನಲ್ಲಿ ಯಾವುದೂ ಯಾವುದಕ್ಕೂ ಕೂಡುವುದಿಲ್ಲ. ಅಕ್ಷರವೇ ಇಲ್ಲದ ಚಿತ್ರವಾದರೆ ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳೆಯುವ ಮೈ ಕಣ್ಣಿನ ಕಡೆಗಿರಬೇಕು, ಚಿತ್ರ ಮೂಡಿರುವ ಮಂಕಾದ ಎಮಲ್ಷನ್ ಮೈ ಬೆಳಕಿನ ಕಡೆಗೆ.

ಎರಡೆರಡು ಕಾಣುತ್ತದೆ, ಹುಬ್ಬುಗಳ ನಡುವೆ ಸೆಳೆತ

ಕಣ್ಣಿಗೆ ಅತಿ ಹೆಚ್ಚು ಹಿಂಸೆ ಕೊಡುವ ದೋಷ ಇದು. ನಮ್ಮ ಕಣ್ಣುಗಳು ಒಳಕ್ಕೆ ತಿರುಗುವುದನ್ನು ದಿನವಿಡೀ ಮಾಡುತ್ತಿರುತ್ತವೆ. ಒಂದು ಮೇಲೆ, ಇನ್ನೊಂದು ಕೆಳಗೆ ನೋಡುವ ಅಭ್ಯಾಸ ಅವಕ್ಕಿಲ್ಲ. ಹಾಗಾಗಿ ಎರಡು ತುಣುಕುಗಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಹೇಗೋ ಸಹಿಸುತ್ತವೆ, ಅದು ಅರ್ಧ ಮಿಲಿಮೀಟರಿನ ಹತ್ತಿರಕ್ಕೆ ಬಂದರೆ ಸಿಡಿಮಿಡಿಗೊಳ್ಳುತ್ತವೆ.

ಬಿಚ್ಚದೆಯೇ ಪತ್ತೆ ಹಚ್ಚುವ ಉಪಾಯ ಒಂದಿದೆ. ವ್ಯೂಅರಿನಲ್ಲಿ ನೋಡುತ್ತಲೇ ಅದನ್ನು ಕಣ್ಣಿನಿಂದ ನಿಧಾನವಾಗಿ ಮೂರು ನಾಲ್ಕು ಇಂಚು ದೂರ ಸರಿಸಿ. ಒಂದು ಹಂತದಲ್ಲಿ ಕಣ್ಣು ಹಿಡಿತ ಸಡಿಲಿಸಿ ಎರಡೂ ಚಿತ್ರಗಳು ಬೇರೆಯಾಗುತ್ತವೆ. ಆ ಕ್ಷಣದಲ್ಲಿ ಚೌಕಟ್ಟುಗಳೆರಡೂ ಸಮನಾಗಿದ್ದು ಒಳಗಿನ ದಿಗಂತ ಒಂದು ಕಡೆ ಮೇಲಿದ್ದರೆ ಮೇಲಿರುವ ಕಡೆಯ ತುಣುಕನ್ನು ಇಳಿಸಬೇಕು. ಚೌಕಟ್ಟುಗಳೇ ಹೆಚ್ಚುಕಡಿಮೆಯಾಗಿದ್ದರೆ ಸ್ಲೈಡು ವ್ಯೂಅರಿನಲ್ಲಿ ಓರೆಯಾಗಿ ಕುಳಿತಿದೆ ಅಥವಾ ನೀವು ತಲೆ ವಾಲಿಸಿದ್ದೀರಿ.

ಬಿಚ್ಚಿದ ಮೇಲೆ ಮೊದಲು ತಿದ್ದಬೇಕಾದದ್ದು ವಾಲಿಕೆಯನ್ನು, ಎತ್ತರವನ್ನು ಆಮೇಲೆ. ಈ ಕ್ರಮ ತಪ್ಪಿದರೆ ಇಡೀ ಸಂಜೆ ಒಂದೇ ಸ್ಲೈಡಿಗೆ ಹೋಗುತ್ತದೆ. ಪಾರದರ್ಶಕ ಅಳತೆ ಹಾಳೆಯನ್ನು ಮೌಂಟಿನ ಮೇಲಿಟ್ಟು ಅದರ ಅಡ್ಡಗೆರೆ ಮೌಂಟಿನ ಅಂಚಿಗೆ ಸಮಾನಾಂತರವಾಗಿ ಇರುವಂತೆ ನೋಡಿಕೊಳ್ಳಿ. ಎರಡೂ ಚಿತ್ರಗಳಲ್ಲಿ ಇರುವ ದೂರದ ಬಿಂದುಗಳನ್ನು ಆರಿಸಿ: ಎಡ ಅಂಚಿನ ಹತ್ತಿರ ಒಂದು, ಬಲ ಅಂಚಿನ ಹತ್ತಿರ ಒಂದು. ಐಹೊಳೆಯ ದುರ್ಗ ಗುಡಿಯ ಸ್ಲೈಡಾದರೆ ಹಿಂದಿನ ಗುಡ್ಡದ ಅಂಚು ಒಳ್ಳೆಯದು. ಹತ್ತಿರದ ಕಂಬದ ಬುಡವನ್ನು ಆರಿಸಬೇಡಿ, ಅದು ಕೆಲವೊಮ್ಮೆ ಮೋಸ ಮಾಡುತ್ತದೆ. ಎಡ ಅಂಚಿನ ಬಿಂದು ಎರಡೂ ಚಿತ್ರಗಳಲ್ಲಿ ಒಂದೇ ಗೆರೆಯ ಮೇಲಿದ್ದು ಬಲ ಅಂಚಿನದು ಮೇಲೆ ಕೆಳಗೆ ಆಗಿದ್ದರೆ ಒಂದು ತುಣುಕು ವಾಲಿದೆ. ಎರಡೂ ಅಂಚುಗಳಲ್ಲಿ ವ್ಯತ್ಯಾಸ ಒಂದೇ ಸಮ ಇದ್ದರೆ ಅದು ಬರೀ ಎತ್ತರದ ತೊಂದರೆ. ಫಿಲ್ಮಿನ ತೂತುಗಳ ಸಾಲನ್ನು ಒಂದು ನೇರ ಪಟ್ಟಿಗೆ ತಾಗಿಸಿಟ್ಟರೆ ಒಂದೇ ಸ್ಟೀರಿಯೊ ಕ್ಯಾಮೆರಾದಿಂದ ಬಂದ ಜೋಡಿಯಲ್ಲಿ ವಾಲಿಕೆ ಬಹುಮಟ್ಟಿಗೆ ತಾನೇ ಹೋಗುತ್ತದೆ.

ಸರಿಸುವಾಗ ಉಸಿರು ಬಿಗಿಹಿಡಿಯುವ ಅಗತ್ಯವಿಲ್ಲ, ಆದರೆ ತುಣುಕಿನ ತೂತುಗಳ ಭಾಗವನ್ನಷ್ಟೇ ಚಿಮಟದಲ್ಲಿ ಹಿಡಿಯಿರಿ. ಮೇಲಂಚನ್ನು ಫಿಲ್ಮಿಗೆಂದೇ ಮಾರುವ ತೆಳು ಟೇಪಿನಿಂದ ಒಂದೇ ಕಡೆ ಅಂಟಿಸಿ, ಕೆಳಗೆ ಸಡಿಲ ಬಿಡಿ. ನಾಲ್ಕೂ ಕಡೆ ಬಿಗಿದ ಫಿಲ್ಮು ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಉಬ್ಬುತ್ತದೆ. ಅಂಗಡಿಯ ಮಾಮೂಲಿ ಸೆಲ್ಲೊ ಟೇಪನ್ನಂತೂ ಹತ್ತಿರ ಸೇರಿಸಬೇಡಿ. ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ ಅದರ ಅಂಟು ಕರಗಿ ಚಿತ್ರದೊಳಕ್ಕೆ ಹರಿಯುತ್ತದೆ, ಆಮೇಲೆ ಬಿಡಿಸಹೋದರೆ ಎಮಲ್ಷನ್ನೂ ಕಿತ್ತು ಬರುತ್ತದೆ. ಬ್ಲೇಡಿನಿಂದ ಮೌಂಟ್ ಸೀಳುವಾಗ ಬ್ಲೇಡು ನಿಮ್ಮಿಂದ ಆಚೆಗೆ ಹೋಗುವಂತಿರಲಿ. ಗಾಜಿನ ಮೌಂಟುಗಳ ಅಂಚು ಬ್ಲೇಡಿಗಿಂತ ಕಡಿಮೆಯೇನಲ್ಲ.

ಪ್ರೊಜೆಕ್ಟರಿನಲ್ಲಿ ತೋರಿಸುವ ಆಸೆಯಿದ್ದರೆ ಇನ್ನೂ ಬಿಗಿಯಾಗಿ ಅಳೆಯಬೇಕು. 21 ಮಿ.ಮೀ. ಅಗಲದ ಚಿತ್ರವನ್ನು 2.1 ಮೀಟರ್ ಪರದೆಗೆ ಹಿಗ್ಗಿಸಿದರೆ ಅದು ನೂರು ಪಟ್ಟು. ಮೌಂಟಿನಲ್ಲಿ 0.2 ಮಿ.ಮೀ. ಇದ್ದದ್ದು ಪರದೆಯ ಮೇಲೆ ಎರಡು ಸೆಂಟಿಮೀಟರ್ ಆಗುತ್ತದೆ.

ಕಂಬವೋ ಕೊಂಬೆಯೋ ಚೌಕಟ್ಟಿನ ಅಂಚಿಗೆ ಸಿಕ್ಕಿಕೊಂಡಂತೆ ಕಾಣುತ್ತದೆ

ಒಳ್ಳೆಯ ಸ್ಟೀರಿಯೊ ಸ್ಲೈಡನ್ನು ನೋಡುವುದೆಂದರೆ ಕಿಟಕಿಯೊಳಗಿನಿಂದ ಹೊರಗೆ ನೋಡಿದಂತೆ. ದೃಶ್ಯವೆಲ್ಲ ಕಿಟಕಿಯ ಆಚೆ ಇರಬೇಕು. ಅಂಚಿನಿಂದ ಕತ್ತರಿಸಲ್ಪಟ್ಟ ವಸ್ತು ಕಿಟಕಿಗಿಂತ ಈಚೆ ಬಂದರೆ ಮೆದುಳು ಗೊಂದಲಕ್ಕೆ ಬೀಳುತ್ತದೆ: ಈಚೆ ಇರುವುದನ್ನು ಆಚೆ ಇರುವ ಚೌಕಟ್ಟು ಮರೆಮಾಡುವುದಾದರೂ ಹೇಗೆ? ನೋಡುವವರು ಈ ದೋಷವನ್ನು ಹೆಸರಿಟ್ಟು ಹೇಳುವುದಿಲ್ಲ. "ಆ ಬದಿಯಲ್ಲಿ ಏನೋ ಕಿರಿಕಿರಿ" ಎನ್ನುತ್ತಾರೆ ಅಷ್ಟೆ.

ಇದಕ್ಕೆ ಅಳತೆಗೋಲೂ ಬೇಡ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಒಂದು ಸ್ಲೈಡನ್ನು ಲೈಟ್ ಬಾಕ್ಸಿನ ಮೇಲಿಟ್ಟಿದ್ದೀರಿ ಎನ್ನಿ. ಎರಡೂ ಚಿತ್ರಗಳ ಎಡ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎಡ ಚಿತ್ರದಲ್ಲಿ ಅಂಚಿಗೆ ತಾಗಿದ ಗೋಡೆಯ ಜಾಲಂಧ್ರದ ಅರ್ಧವಷ್ಟೇ ಇದ್ದು ಬಲ ಚಿತ್ರದಲ್ಲಿ ಮುಕ್ಕಾಲು ಭಾಗ ಇದ್ದರೆ ಆ ಗೋಡೆ ಕಿಟಕಿಯ ಆಚೆಗಿದೆ, ಸರಿಯಾಗಿದೆ. ಎರಡರಲ್ಲೂ ಒಂದೇ ಸಮ ಇದ್ದರೆ ಗೋಡೆ ಕಿಟಕಿಯ ಮೇಲೆಯೇ ಕುಳಿತಿದೆ, ನಡೆಯುತ್ತದೆ. ಬಲ ಚಿತ್ರದಲ್ಲೇ ಕಡಿಮೆ ಇದ್ದರೆ ಕಿಟಕಿ ದಾಟಿ ಒಳಗೆ ನುಗ್ಗಿದೆ. ಬಲ ಅಂಚಿಗೆ ಇದೇ ಲೆಕ್ಕ ತಿರುವುಮುರುವು: ಅಲ್ಲಿ ಎಡ ಚಿತ್ರ ಹೆಚ್ಚು ತೋರಿಸಬೇಕು. ನೆನಪಿಗೆ ಸುಲಭವಾಗಬೇಕೆಂದರೆ, ಮೌಂಟಿನ ನಡುಗಂಬದ ಎರಡೂ ಪಕ್ಕದಲ್ಲಿ ಹೆಚ್ಚು ದೃಶ್ಯ, ಹೊರ ಅಂಚುಗಳಲ್ಲಿ ಕಡಿಮೆ.

ತಿದ್ದುವುದು ಹೀಗೆ: ಎರಡು ತುಣುಕುಗಳನ್ನು ಒಂದರಿಂದೊಂದು ದೂರ ಸರಿಸಿದರೆ ದೃಶ್ಯ ಹಿಂದಕ್ಕೆ ಹೋಗುತ್ತದೆ, ಹತ್ತಿರ ತಂದರೆ ಮುಂದಕ್ಕೆ ಬರುತ್ತದೆ. ಮೌಂಟಿನೊಳಗೆ ಚಿತ್ರದ ಅಂಚುಗಳನ್ನು ಮರೆಮಾಡುವ ಮಾಸ್ಕಿನ ಕಿಂಡಿಗಿಂತ ತುಣುಕು ಎರಡು ಮಿಲಿಮೀಟರಿನಷ್ಟು ಅಗಲವಿರುವುದು ಈ ಸರಿದಾಟಕ್ಕೇ. ಸರಿದಾಟ ಸಾಲದಿದ್ದರೆ ಕಿಟಕಿಯನ್ನೇ ನೋಡುವವರ ಹತ್ತಿರಕ್ಕೆ ತರುವ ಮಾಸ್ಕುಗಳಿವೆ. ಸಾಮಾನ್ಯ, ಮಧ್ಯಮ, ಸಮೀಪ ಎಂದು ಮೂರು ಬಗೆ. ಹತ್ತಿರದ ವಸ್ತುಗಳಿಗೆ ಮಾಡಿದ ಮಾಸ್ಕಿನಲ್ಲಿ ಕಿಂಡಿಗಳು ಕಿರಿದು, ಅವುಗಳ ನಡುವಿನ ಅಂತರವೂ ಕಡಿಮೆ. ಒಂದು ಕೊಂಬೆ ಮಾತ್ರ ಕಾಟ ಕೊಡುತ್ತಿದ್ದರೆ ಆ ಬದಿಯ ಕಿಂಡಿಯನ್ನು ಕಪ್ಪು ಟೇಪಿನಿಂದ ಸ್ವಲ್ಪ ಮುಚ್ಚಿ ಕೊಂಬೆಯನ್ನೇ ತೆಗೆದುಹಾಕಬಹುದು. ಚಿತ್ರ ಕಿರಿದಾಯಿತೆಂದು ಬೇಸರ ಬೇಡ.

ಹತ್ತಿರದ್ದು ಕೂಡಿದರೆ ದೂರದ್ದು ಒಡೆಯುತ್ತದೆ

ಕಿಟಕಿ ಸರಿಮಾಡುವ ಉತ್ಸಾಹದಲ್ಲಿ ತುಣುಕುಗಳನ್ನು ಅತಿಯಾಗಿ ದೂರ ತಳ್ಳಿದವರಿಗೆ ಈ ದೋಷ ಗಂಟುಬೀಳುತ್ತದೆ. ರಿಯಲಿಸ್ಟ್ ಮಾದರಿಯ ಮಾಸ್ಕಿನಲ್ಲಿ ಕಿಂಡಿಗಳ ಅಂತರ ಸುಮಾರು 62 ಮಿ.ಮೀ. ಅತಿ ದೂರದ ಬೆಟ್ಟದ ಒಂದೇ ಬಿಂದು ಎಡ ಮತ್ತು ಬಲ ಚಿತ್ರಗಳಲ್ಲಿ ಹೆಚ್ಚೆಂದರೆ 63.5 ಮಿ.ಮೀ. ಆಸುಪಾಸಿನ ಅಂತರದಲ್ಲಿರಬೇಕು. 65 ದಾಟಿತೆಂದರೆ ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ, ಅವು ಆ ಕೆಲಸಕ್ಕೆ ಮಾಡಿದವಲ್ಲ. ಅಳೆದು, ಹೆಚ್ಚಿದ್ದರೆ ಒಳಕ್ಕೆ ತನ್ನಿ.

ಒಳಕ್ಕೆ ತಂದರೆ ಹತ್ತಿರದ್ದು ಕಿಟಕಿ ದಾಟುತ್ತದೆ, ಹೊರಕ್ಕೆ ತಳ್ಳಿದರೆ ದೂರದ್ದು ಒಡೆಯುತ್ತದೆ ಎಂದಾದರೆ ಅದು ಮೌಂಟಿನ ದೋಷವೇ ಅಲ್ಲ. ಚಿತ್ರದೊಳಗೇ ಆಳ ಹೆಚ್ಚಾಗಿದೆ. ಲೆನ್ಸುಗಳ ನಡುವಿನ ಅಂತರದ ಮೂವತ್ತು ಪಟ್ಟಿಗಿಂತ ಹತ್ತಿರ ಯಾವ ವಸ್ತುವೂ ಬರಬಾರದೆಂಬುದು ಹಳೆಯ ಲೆಕ್ಕ. 70 ಮಿ.ಮೀ. ಅಂತರದ ಕ್ಯಾಮೆರಾಕ್ಕೆ ಅದು ಎರಡು ಮೀಟರಿಗಿಂತ ತುಸು ಹೆಚ್ಚು. ಬಾದಾಮಿಯ ಮೂರನೆಯ ಗುಹೆಯ ಮೊಗಸಾಲೆಯಲ್ಲಿ ನಿಂತು ಒಂದು ಮೀಟರ್ ದೂರದ ಕಂಬವನ್ನೂ ಕೆಳಗಿನ ಅಗಸ್ತ್ಯ ತೀರ್ಥವನ್ನೂ ಒಂದೇ ಚಿತ್ರಕ್ಕೆ ತುರುಕಿದರೆ, 35 ಮಿ.ಮೀ. ಲೆನ್ಸಿನಲ್ಲಿ ಎಡ ಬಲ ಚಿತ್ರಗಳ ನಡುವೆ ಫಿಲ್ಮಿನ ಮೇಲೆ ಬರುವ ವ್ಯತ್ಯಾಸ ಸುಮಾರು 2.4 ಮಿ.ಮೀ. ಕಣ್ಣಿಗೆ ಹಿತವಾದದ್ದು ಅದರ ಅರ್ಧ, 1.2. ಇಂಥ ಸ್ಲೈಡಿನ ಮೇಲೆ ಶ್ರಮ ಹಾಕುವುದನ್ನು ಇಲ್ಲಿಗೇ ನಿಲ್ಲಿಸಿ. ಕಂಬವನ್ನು ಮಾಸ್ಕಿನಿಂದ ಮರೆಮಾಡಲು ಆಗದಿದ್ದರೆ ಅದನ್ನು ಪೆಟ್ಟಿಗೆಗೆ ಹಾಕಿ, ಮತ್ತೆ ಹೋದಾಗ ಎರಡು ಹೆಜ್ಜೆ ಹಿಂದೆ ನಿಂತು ತೆಗೆಯಿರಿ.

ಮಿನುಗು, ಮಂಜು, ಬಣ್ಣದ ಉಂಗುರ, ಬೂಷ್ಟು

ಒಂದು ಚಿತ್ರದಲ್ಲಿ ಮಾತ್ರ ಇರುವ ಧೂಳಿನ ಕಣ ಗಾಳಿಯಲ್ಲಿ ತೇಲಿದಂತೆ ಮಿನುಗುತ್ತದೆ. ರಬ್ಬರ್ ಬಲೂನಿನಿಂದ ಊದಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಒಣ ಹವೆಯಲ್ಲಿ ಧೂಳು ಮತ್ತೆ ಮತ್ತೆ ಬಂದು ಅಂಟುತ್ತಿದ್ದರೆ ಮೇಜಿನ ಸುತ್ತ ಒದ್ದೆ ಬಟ್ಟೆಯಿಂದ ನೆಲ ಒರೆಸಿ ಕೆಲಸಕ್ಕೆ ಕುಳಿತುಕೊಳ್ಳಿ. ಒಬ್ಬ ಮನುಷ್ಯನೋ ಎಲೆಯೋ ಮಾತ್ರ ಮಿನುಗುತ್ತಿದ್ದರೆ ಅದು ಒಂದೇ ಕ್ಯಾಮೆರಾ ಸರಿಸಿ ಎರಡು ಸಲ ತೆಗೆದ ಚಿತ್ರ, ನಡುವೆ ಅದು ಅಲುಗಾಡಿದೆ. ಮೌಂಟಿನಿಂದ ಅದಕ್ಕೆ ಪರಿಹಾರವಿಲ್ಲ.

ಹಾಕಿದ ಕೂಡಲೇ ಸ್ಪಷ್ಟವಾಗಿದ್ದು ಬಲ್ಬಿನ ಬಿಸಿಗೆ ಕೆಲವು ಕ್ಷಣಗಳಲ್ಲಿ ಮಂಜಾದರೆ ಫಿಲ್ಮು ಉಬ್ಬುತ್ತಿದೆ. ಟೇಪ್ ಸಡಿಲಿಸಿ, ಎಲ್‌ಇಡಿ ಬಲ್ಬಿಗೆ ಬದಲಾಯಿಸಿ. ಗಾಜಿನ ಮೌಂಟಿನಲ್ಲಿ ಕಾಮನಬಿಲ್ಲಿನ ಉಂಗುರಗಳು ಕಂಡರೆ ಫಿಲ್ಮಿನ ಹೊಳೆಯುವ ಮೈ ನುಣುಪು ಗಾಜಿಗೆ ತಾಗಿದೆ ಎಂದರ್ಥ. ಆ ಬದಿಗೆ ಸಣ್ಣ ತರಿಯಿರುವ, ನ್ಯೂಟನ್ ಉಂಗುರ ತಡೆಯುವ ಗಾಜು ಹಾಕಬೇಕು.

ಬೆಳಗಾವಿಯ ಮಳೆಗಾಲ ಕಳೆದ ಮೇಲೆ ಪೆಟ್ಟಿಗೆ ತೆರೆದರೆ ಜೇಡರ ಬಲೆಯಂಥ ಕವಲುಗಳು ಕಂಡಾವು. ಅದು ಬೂಷ್ಟು. ನೀರು ತಾಗಿಸಬೇಡಿ: ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವೇ ಒರೆಸಿಹೋಗುತ್ತದೆ. ಹೊಳೆಯುವ ಬದಿಯಲ್ಲಿ ಮಾತ್ರ ಇದ್ದರೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಯನ್ನು ತುಸು ತೇವ ಮಾಡಿ ಮೆಲ್ಲಗೆ ಒರೆಸಿ. ಔಷಧಿ ಅಂಗಡಿಯ 70 ಶೇಕಡಾದ್ದು ಬೇಡ, ಅದರಲ್ಲಿ ನೀರಿದೆ. ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ, ದೇವರ ದೀಪವಾಗಲಿ ಗ್ಯಾಸ್ ಒಲೆಯಾಗಲಿ ಹತ್ತಿರ ಇರದಿರಲಿ. ಎಮಲ್ಷನ್ ಬದಿಗೆ ಹಬ್ಬಿದ್ದರೆ ಕೈ ಹಾಕಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಫಿಲ್ಮ್ ಸಂರಕ್ಷಣೆ ಬಲ್ಲವರಿಗೆ ಕೊಡಿ. ವಿನೆಗರ್ ವಾಸನೆ ಬರುವ ಹಳೆಯ ಸ್ಲೈಡುಗಳ ಅಸಿಟೇಟ್ ತಳವೇ ಹಳಸುತ್ತಿದೆ. ಅದನ್ನು ಹಿಂದಿನ ಸ್ಥಿತಿಗೆ ತರಲಾಗದು. ಬೇರೆ ಪೆಟ್ಟಿಗೆಗೆ ಹಾಕಿ, ತಡಮಾಡದೆ ಸ್ಕ್ಯಾನ್ ಮಾಡಿಸಿ. ಹುಳ ಬಾರದಿರಲೆಂದು ನುಸಿಗುಳಿಗೆಯನ್ನು ಸ್ಲೈಡಿನ ಜೊತೆ ಇಡಬೇಡಿ, ಸಿಲಿಕಾ ಜೆಲ್ ಪೊಟ್ಟಣ ಸಾಕು.

ಎಲ್ಲ ಸರಿಯಿದೆ, ಆದರೂ ಚಪ್ಪಟೆ

ಗೋಳಗುಮ್ಮಟವನ್ನು ದೂರದಿಂದ ಸ್ಟೀರಿಯೊ ಕ್ಯಾಮೆರಾದಲ್ಲಿ ತೆಗೆದರೆ ಅಷ್ಟು ದೊಡ್ಡ ಕಟ್ಟಡ ಗೋಡೆಗೆ ಅಂಟಿಸಿದ ಚಿತ್ರದಂತೆ ಕಾಣುತ್ತದೆ. 70 ಮಿ.ಮೀ. ಅಂತರಕ್ಕೆ ಅಷ್ಟು ದೂರದಲ್ಲಿ ಆಳ ಸಿಗುವುದಿಲ್ಲ, ಮೌಂಟನ್ನು ಎಷ್ಟು ತಿದ್ದಿದರೂ ವ್ಯರ್ಥ. ಮೂರು ನಾಲ್ಕು ಮೀಟರ್ ದೂರದಲ್ಲಿ ತೋಟದ ಒಂದು ಗಿಡವನ್ನು ಸೇರಿಸಿಕೊಂಡು ತೆಗೆಯಿರಿ. ಇಲ್ಲವೇ ಗಿಡಗಂಟಿ ಬಾರದ ಕಡೆ ನಿಂತು ಒಂದೇ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ಎರಡು ಚಿತ್ರ ತೆಗೆಯಿರಿ. ಅತಿ ಹತ್ತಿರದ ವಸ್ತು 60 ಮೀಟರಿನಲ್ಲಿದ್ದರೆ ಎರಡು ಮೀಟರ್ ಸರಿಸಬಹುದು. ಕ್ಯಾಮೆರಾ ಎರಡೂ ಸಲ ಒಂದೇ ದಿಕ್ಕಿಗೆ ನೇರವಾಗಿರಬೇಕು. ಗುಮ್ಮಟದ ಕಡೆಗೆ ಓರೆ ತಿರುಗಿಸಿದರೆ ಮೂಲೆಗಳು ಮೇಲೆ ಕೆಳಗಾಗಿ ಹಿಂದೆ ಹೇಳಿದ ಹುಬ್ಬಿನ ಸೆಳೆತ ಶುರುವಾಗುತ್ತದೆ, ಅದನ್ನು ಯಾವ ಮೌಂಟೂ ಸರಿಮಾಡದು. ಗುಮ್ಮಟ ಮೇಜಿನ ಮೇಲಿಡುವ ಆಟಿಕೆಯಷ್ಟು ಚಿಕ್ಕದಾಗಿ ಕಂಡರೆ ಅಂತರ ಹೆಚ್ಚಾಗಿದೆ, ಅರ್ಧಕ್ಕಿಳಿಸಿ ಮತ್ತೆ ತೆಗೆಯಿರಿ.